ಸೀತಾಂಗೋಳಿಯ ಜ್ವರದ ನಂಬರು

ಮೊದಲ ಸಲ ತಂದ ಆರು ಸ್ಯಾಂಪಲ್‌ಗಳನ್ನೂ ಹಾಳು ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದ ರಾದ್ಧಾಂತಕ್ಕೆಲ್ಲ ಆ ತಪ್ಪಿನಿಂದ ಕೈಬಿಟ್ಟು ಹೋದ ಐದು ದಿನಗಳೇ ಕಾರಣ.

ಹಾಂಕಾಂಗಿನಲ್ಲಿ ಕೋಳಿಗಳಿಂದ ಮನುಷ್ಯರಿಗೆ ಜ್ವರ ಹತ್ತಿ ಕೆಲವರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅದರ ಮರುವರ್ಷದ ಮಳೆಗಾಲ. ನಾನು ಆಗ ಕಾಸರಗೋಡು ಜಿಲ್ಲೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಶಿಯನ್. ಬಾಡಿಗೆ ಮನೆ ನಾಯ್ಮಾರ್ಮೂಲೆಯಲ್ಲಿ. ಅದಕ್ಕೆ ಮೊದಲು ನಾಲ್ಕು ವರ್ಷ ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದ್ದೆ. ಮೊಟ್ಟೆಯೊಳಗೆ ವೈರಸ್ ಬೆಳೆಸುವುದನ್ನು ಅಲ್ಲಿನ ಪ್ರೊಫೆಸರ್ ಮೇಡಂ ಕೈಹಿಡಿದು ಕಲಿಸಿದ್ದರು. ಸರಕಾರಿ ಕೆಲಸಕ್ಕೆ ಸೇರಿದ ಮೇಲೆ ಆ ವಿದ್ಯೆ ಬೇಕಾಗಿ ಬಂದಿರಲಿಲ್ಲ. ಮಲೇರಿಯಾ ಸ್ಲೈಡು, ಕಫ, ಮೂತ್ರ, ರಕ್ತದ ಸಕ್ಕರೆ. ದಿನ ಅದರಲ್ಲೇ ಮುಗಿಯುತ್ತಿತ್ತು.

ಒಂದು ಸೋಮವಾರ ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್ ಕೊಡೆಯನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದರು.

"ಮೇಡಂ, ಸೀತಾಂಗೋಳಿಯ ಗೇರುಬೀಜದ ಕಾರ್ಖಾನೆಯಲ್ಲಿ ಅರ್ಧ ಹೆಂಗಸರು ಕೆಲಸಕ್ಕೆ ಬರ್ಲಿಲ್ಲ. ಜ್ವರ, ಗಂಟಲುನೋವು, ಮೈಕೈ ಮುರಿದ ಹಾಗೆ. ಮಲೇರಿಯಾ ಅಲ್ಲ ಅಂತ ನೀವೇ ಬರ್ದದ್ದು. ಇಲಿಜ್ವರವೂ ಅಲ್ಲ. ಮತ್ತೆಂತ ಇದು?"

"ಫ್ಲೂ ಇರಬಹುದು."

"ಯಾವ ಫ್ಲೂ?" ಎಂದು ಅವರು ದನಿ ತಗ್ಗಿಸಿದರು. "ಕಾರ್ಖಾನೆಯ ಗೋಡೆಯ ಆಚೆಯೇ ಕೋಳಿ ಬಾಯಮ್ಮನ ಗೂಡು. ಅಲ್ಲಿ ಕೋಳಿಗಳು ಸಾಯ್ತಾ ಉಂಟು."

ಕೋಳಿ ಬಾಯಮ್ಮ ಎಂದರೆ ಅರುವತ್ತು ದಾಟಿದ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ವಿಧವೆ. ಇನ್ನೂರರಷ್ಟು ಕೋಳಿಗಳನ್ನು ಒಬ್ಬಳೇ ಸಾಕಿಕೊಂಡಿದ್ದಳು. ಸುತ್ತಲಿನ ಅಂಗಡಿಗಳಿಗೆಲ್ಲ ಮೊಟ್ಟೆ ಅವಳದೇ. ಕೋಳಿಗಳು ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಬೀಳುತ್ತಿದ್ದವು. ಮೃಗಾಸ್ಪತ್ರೆಯ ಡಾಕ್ಟರು ಬಂದು ನೋಡಿ, ಇದು ರಾಣಿಖೇತ್ ಎಂದರು. ಕನ್ನಡದಲ್ಲಿ ಕೊಕ್ಕರೆ ರೋಗ ಎನ್ನುತ್ತಾರಲ್ಲ, ಅದೇ. ಕೋಳಿಗಳಿಗೆ ಅದು ಹೊಸತಲ್ಲ. ಆದರೆ ಕಣ್ಣಿನಿಂದ ನೋಡಿ ಹೇಳಿದ್ದು ಕಾಗದದ ಮೇಲೆ ನಿಲ್ಲುವುದಿಲ್ಲವೆಂದು ಅವರೂ ಸತ್ತ ಕೋಳಿಗಳ ಸ್ಯಾಂಪಲ್ಲನ್ನು ತಮ್ಮ ಇಲಾಖೆಯ ಲ್ಯಾಬಿಗೆ ಕಳುಹಿಸಿದ್ದರು. ಊರು ಅಷ್ಟರವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ಕಾರ್ಖಾನೆಯ ಒಬ್ಬ ಹೆಂಗಸಿಗೆ ಜ್ವರ ಎದೆಗಿಳಿದು, ಉಸಿರಾಡಲಾಗದೆ, ಮಂಗಳೂರಿನ ಆಸ್ಪತ್ರೆಯ ಐಸಿಯು ಸೇರಿದ್ದಳು. ಮೂವತ್ತು ದಾಟಿದ ಬ್ಯಾರಿ ಮುಸ್ಲಿಂ ಹೆಂಗಸು, ಎರಡು ಮಕ್ಕಳ ತಾಯಿ.

ಅವತ್ತೇ ಹೋಗಿ ಆರು ಜನರ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದೆ. ಜ್ವರ ಜಾಸ್ತಿ ಇದ್ದವರಿಗಿಂತ ಮಾತಿಗೆ ಸಿಕ್ಕವರನ್ನು ಹಿಡಿದದ್ದು ಮೊದಲ ತಪ್ಪು. ಅವರಲ್ಲಿ ಹೆಚ್ಚಿನವರಿಗೆ ಜ್ವರ ಶುರುವಾಗಿ ಐದಾರು ದಿನ ಆಗಿತ್ತು. ಫ್ಲೂ ವೈರಸ್ ಗಂಟಲಿನಲ್ಲಿ ಧಾರಾಳವಾಗಿ ಇರುವುದು ಮೊದಲ ಎರಡು ಮೂರು ದಿನ ಮಾತ್ರ. ಎರಡನೆಯ ತಪ್ಪು ಇನ್ನೂ ದೊಡ್ಡದು. ಮಂಗಳೂರಿಗೆ ಮರುದಿನ ಹೋಗುವುದೆಂದು ಸೀಸೆಗಳನ್ನು ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆಯಲ್ಲಿಟ್ಟೆ. ಈ ವೈರಸ್ಸಿಗೆ ಬರೀ ತಂಪು ಸಾಕು, ಇಲ್ಲವೇ ಕಡುಚಳಿ ಬೇಕು. ನಡುವಿನ ಈ ಹೆಪ್ಪುಗಟ್ಟುವ ಚಳಿ ಅದಕ್ಕೆ ವಿಷ. ಕಲಿತದ್ದೇ, ಆದರೆ ಸರಕಾರಿ ಕೆಲಸಕ್ಕೆ ಬಂದ ಮೇಲೆ ಮರೆತಿದ್ದೆ. ಸಾಲದ್ದಕ್ಕೆ ಕರೆಂಟು ಹೋಗಿ ಅದು ಕರಗಿ, ಮತ್ತೆ ಹೆಪ್ಪುಗಟ್ಟಿತ್ತು.

ಮಂಗಳೂರಿನಲ್ಲಿ ಪ್ರೊಫೆಸರ್ ಮೇಡಂ ಅವುಗಳನ್ನು ಮೊಟ್ಟೆಗೆ ಹಾಕಲು ಬಿಟ್ಟರು. ಹತ್ತು ಹನ್ನೊಂದು ದಿನ ಕಾವು ಕೊಟ್ಟ, ಒಳಗೆ ಮರಿ ಮಿಸುಕಾಡುವ ಮೊಟ್ಟೆಗಳು ಅವು. ಕತ್ತಲೆಯಲ್ಲಿ ದೀಪ ಹಿಡಿದರೆ ರಕ್ತನಾಳಗಳು ಕೆಂಪು ನೂಲಿನ ಹಾಗೆ ಕಾಣುತ್ತವೆ. ಚಿಪ್ಪಿಗೆ ಸಣ್ಣ ತೂತು ಮಾಡಿ, ಮರಿಯ ಸುತ್ತಲಿನ ನೀರಿಗೆ ಸೂಜಿಯಿಂದ ಸ್ಯಾಂಪಲ್ ಬಿಟ್ಟು, ತೂತನ್ನು ಮೇಣದಿಂದ ಮುಚ್ಚಿದೆ. ಮೂರು ದಿನ ಕಾವು. ಅರ್ಧ ಮೊಟ್ಟೆಗಳು ಮೊದಲ ದಿನವೇ ಬ್ಯಾಕ್ಟೀರಿಯಾ ಸೇರಿ ಕೊಳೆತವು. ಉಳಿದವುಗಳಲ್ಲಿ ಏನೂ ಇರಲಿಲ್ಲ.

ಮೇಡಂ ಬೈಯಲಿಲ್ಲ. "ಹೇಗೆ ಇಟ್ಟಿದ್ದಿ?" ಎಂದರು. ಹೇಳಿದೆ. "ಹೋಗು. ಜ್ವರ ಬಂದು ಎರಡು ದಿನ ದಾಟದವರನ್ನೇ ಹುಡುಕು. ಈ ಸಲ ರಾತ್ರಿ ಇಟ್ಟುಕೊಳ್ಳಬೇಡ, ನೇರ ತಾ" ಎಂದರು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು: "ಆ ಗೂಡಿನ ಕೋಳಿಗಳದ್ದು ಯಾವುದೂ ಈ ಕೋಣೆಗೆ ಬರಬಾರದು. ಯಾಕೆ ಅಂತ ಗೊತ್ತುಂಟಲ್ಲ?"

ಗೊತ್ತಿತ್ತು. ಇನ್‌ಫ್ಲುಯೆಂಜಾ ವೈರಸ್ಸಿನ ಆನುವಂಶಿಕ ವಸ್ತು ಒಂದೇ ಉದ್ದದ ಎಳೆಯಲ್ಲ, ಎಂಟು ಬಿಡಿ ತುಂಡುಗಳು. ಮೇಲ್ಮೈಯಲ್ಲಿ ಎರಡು ಬಗೆಯ ಮುಳ್ಳುಗಳು. 'ಎಚ್' ಎಂಬುದು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು. 'ಎನ್' ಎಂಬುದು ಒಳಗೆ ಹುಟ್ಟಿದ ಹೊಸ ವೈರಸ್ಸುಗಳು ಅಂಟು ಬಿಡಿಸಿಕೊಂಡು ಹೊರಬರಲು. ಆಗ ಗೊತ್ತಿದ್ದ ಎಚ್‌ಗಳು ಹದಿನೈದು, ಎನ್‌ಗಳು ಒಂಬತ್ತು. ಹಕ್ಕಿಗಳಲ್ಲಿ ಇವೆಲ್ಲ ಇವೆ. ನಮ್ಮ ನಡುವೆ ಆ ವರ್ಷಗಳಲ್ಲಿ ಓಡಾಡುತ್ತಿದ್ದ ಎ ಗುಂಪಿನವು ಎಚ್1 ಮತ್ತು ಎಚ್3 ಮಾತ್ರ. ಹಾಂಕಾಂಗಿನದು ಎಚ್5. ಹಕ್ಕಿಯದೊಂದು, ಮನುಷ್ಯರದೊಂದು ಒಂದೇ ಜೀವಕೋಶಕ್ಕೆ ಒಟ್ಟಿಗೆ ಹೊಕ್ಕರೆ ತುಂಡುಗಳು ಅದಲುಬದಲಾಗಿ, ಯಾರ ಮೈಗೂ ಪರಿಚಯವಿಲ್ಲದ ಹೊಸದೊಂದು ಹುಟ್ಟಬಹುದು. ಮೊಟ್ಟೆಯಲ್ಲಾದರೂ ಸರಿ, ಮನುಷ್ಯನ ಎದೆಯಲ್ಲಾದರೂ ಸರಿ.

ಮತ್ತೆ ಸೀತಾಂಗೋಳಿಗೆ ಹೋಗುವಾಗ ಊರಿನ ಮುಖ ಬದಲಾಗಿತ್ತು. ಬಾಯಮ್ಮನ ಮೊಟ್ಟೆಯನ್ನು ಅಂಗಡಿಗಳು ಬೇಡವೆಂದಿದ್ದವು. ಅವಳ ಗೇಟಿನ ಹೊರಗೆ ಯಾರೋ ಒಂದು ಬುಟ್ಟಿ ಮೊಟ್ಟೆ ಒಡೆದು ಸುರಿದಿದ್ದರು. ಕೋಳಿಗಳನ್ನೆಲ್ಲ ಗೂಡಿನ ಸಮೇತ ಸುಡಬೇಕೆಂದು ಕೆಲವರು ಪಂಚಾಯತ್ ಮೆಂಬರರ ಬೆನ್ನು ಹಿಡಿದಿದ್ದರು.

ಹೊಸದಾಗಿ ಜ್ವರ ಬಂದ ಮೂವರು ಕಾರ್ಖಾನೆಯ ಲೈನ್ ಮನೆಗಳಲ್ಲಿ ಸಿಕ್ಕಿದರು. ಬಾಯಮ್ಮನ ಮನೆಗೆ ಹೋದದ್ದು ಕೋಳಿಗಳ ಹತ್ತಿರ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎನ್ನಲು. ಬಾಗಿಲು ತೆರೆದವಳ ಕಣ್ಣು ಕೆಂಪಗಾಗಿತ್ತು. ಸೆರಗು ಹೊದ್ದುಕೊಂಡಿದ್ದಳು. ಕೆಮ್ಮು ತಡೆಯಲು ತುಟಿ ಬಿಗಿ ಹಿಡಿದದ್ದು ನನಗೆ ಕಂಡಿತು.

"ಯಾವಾಗಿನಿಂದ ಬಾಯಮ್ಮ?"

"ಎಂತದೂ ಇಲ್ಲ ಮಗಳೇ. ಗಾಳಿಗೆ."

ಹಣೆ ಮುಟ್ಟಿದೆ. ಸುಡುತ್ತಿತ್ತು.

"ನಿನ್ನೆ ಸಂಜೆಯಿಂದ" ಎಂದಳು. ಆಮೇಲೆ ನನ್ನ ಕೈಯ ಪೆಟ್ಟಿಗೆಯನ್ನು ನೋಡಿ ಹಿಂದೆ ಸರಿದಳು. "ಬೇಡ. ನನ್ನ ಗಂಟಲಲ್ಲಿ ಎಂತ ಸಿಕ್ಕಿದ್ರೂ ಇವರು ಕೋಳಿಯದ್ದೇ ಅಂತ ಹೇಳ್ತಾರೆ. ನನಗೆ ಜ್ವರ ಅಂತ ಗೊತ್ತಾದ್ರೆ ಸಾಕು, ಇವತ್ತೇ ಬೆಂಕಿ ಇಡ್ತಾರೆ."

ಜಗಲಿಯಲ್ಲಿ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ. ಎಂಟು ತುಂಡಿನ ಸಂಗತಿಯನ್ನೂ ಹೇಳಿದೆ. ಅವಳು ಕಣ್ಣು ಕಿರಿದು ಮಾಡಿ ಕೇಳಿದಳು.

"ಮದುವೆಗೆ ಎರಡು ಮನೆಯಿಂದ ಪಾತ್ರೆ ತಂದು ಒಟ್ಟಿಗೆ ತೊಳೆದ ಹಾಗೆ" ಎಂದಳು. "ವಾಪಸು ಕೊಡುವಾಗ ಇವರ ಮುಚ್ಚಳ ಅವರ ಪಾತ್ರೆಗೆ."

"ಹಾಗೆಯೇ."

"ಈಗ ನನ್ನದು ಯಾರ ಪಾತ್ರೆ ಅಂತ ನೋಡ್ಬೇಕು ನಿಮಗೆ. ಕೋಳಿಯದ್ದೇ ಅಂತ ಬಂದ್ರೆ?"

ಹಾಗೆ ಬರಲಿಕ್ಕಿಲ್ಲ ಎನ್ನಬಹುದಿತ್ತು. ನನಗೂ ಹಾಗೆಯೇ ಅನಿಸಿತ್ತು. ಆದರೆ ಮೊದಲ ಆರು ಸೀಸೆಗಳನ್ನು ಹಾಳು ಮಾಡಿದ ಮೇಲೆ ಅಷ್ಟು ಧೈರ್ಯದ ಮಾತು ಬಾಯಿಗೆ ಬರಲಿಲ್ಲ.

"ಬಂದರೆ ಹಾಗೆಯೇ ಬರೆಯುತ್ತೇನೆ ಬಾಯಮ್ಮ. ಬರದಿದ್ದರೂ ಹಾಗೆಯೇ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತ ಬರೆಯುತ್ತೇನೆ."

ಅವಳು ಒಳಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಗೋಡೆಗೆ ತಲೆ ಒರಗಿಸಿ ಬಾಯಿ ತೆರೆದಳು.

ಈ ಸಲ ಬ್ಯಾಕ್ಟೀರಿಯಾ ಬೆಳೆಯದಂತೆ ಸೀಸೆಗಳಲ್ಲಿ ಪೆನಿಸಿಲಿನ್ ಸರಿಯಾದ ಪ್ರಮಾಣದಲ್ಲಿ ಇತ್ತು. ಸುತ್ತಲೂ ಮೀನಿನ ವ್ಯಾಪಾರಿಯಿಂದ ತಂದ ಐಸು. ಕುಂಬಳೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಮಂಗಳೂರು ಬಸ್ಸು ಹತ್ತಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕರಗಿದ ನೀರಿಗೆ ಸೀರೆ ಒದ್ದೆಯಾಗಿ, ಪಕ್ಕದ ಸೀಟಿನ ಹೆಂಗಸು, "ಮೀನು ಯಾವುದು?" ಎಂದು ಕೇಳಿದಳು. ಸಂಜೆಯೊಳಗೆ ನಾಲ್ಕೂ ಸ್ಯಾಂಪಲ್‌ಗಳು ಮೊಟ್ಟೆ ಸೇರಿದವು. ಆಸ್ಪತ್ರೆಗೆ ರಜೆ ಬರೆದು ನಾನು ಮಂಗಳೂರಿನಲ್ಲೇ ಉಳಿದೆ.

ನಾಲ್ಕನೆಯ ದಿನ ಮೊಟ್ಟೆಗಳನ್ನು ಒಡೆದೆವು. ಒಳಗಿನ ನೀರು ತಿಳಿಯಾಗಿತ್ತು, ಕೊಳೆತಿರಲಿಲ್ಲ. ವೈರಸ್ ಉಂಟೋ ಇಲ್ಲವೋ ಎಂದು ನೋಡುವ ಕ್ರಮ ಸರಳ. ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಆ ನೀರಿಗೆ ರಕ್ತದ ಕೆಂಪುಕಣಗಳನ್ನು ಬೆರೆಸುವುದು. ವೈರಸ್ ಇಲ್ಲದಿದ್ದರೆ ಕಣಗಳು ಕೆಳಗೆ ಜಾರಿ ಕುಂಕುಮದ ಬೊಟ್ಟಿನ ಹಾಗೆ ಕೂರುತ್ತವೆ. ಇದ್ದರೆ ಎಚ್ ಮುಳ್ಳುಗಳು ಕಣಗಳನ್ನು ಒಂದಕ್ಕೊಂದು ಹೆಣೆದು, ಗುಳಿಯ ತುಂಬ ತೆಳು ಚಾಪೆ ಹಾಸಿದ ಹಾಗೆ ಕಾಣುತ್ತದೆ. ನಾವು ಯಾವಾಗಲೂ ಬಳಸುತ್ತಿದ್ದದ್ದು ಕೋಳಿಯ ರಕ್ತದ ಕಣ. ಮುಕ್ಕಾಲು ಗಂಟೆ ಕಾದೆ. ಎಲ್ಲ ಗುಳಿಗಳಲ್ಲೂ ಬೊಟ್ಟು.

ಮತ್ತೆ ಏನೂ ಇಲ್ಲ. ತಟ್ಟೆಯನ್ನು ಮೇಡಂ ಮುಂದೆ ಇಟ್ಟೆ.

ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದರು. "ಈಚಿನ ಎಚ್3ಗಳು ಕೋಳಿಯ ಕಣವನ್ನು ಸರಿಯಾಗಿ ಹಿಡಿಯುವುದಿಲ್ಲ ಅಂತ ಓದಿದ ನೆನಪು. ಗಿನಿಪಿಗ್ ರಕ್ತದಲ್ಲಿ ನೋಡುವ."

ಪ್ರಾಣಿಗಳ ಮನೆಯಿಂದ ರಕ್ತ ತರಿಸಿ, ತೊಳೆದು, ಮತ್ತೆ ಬೆರೆಸಿದೆವು. ಮೂರು ಸ್ಯಾಂಪಲ್‌ಗಳಲ್ಲಿ ಚಾಪೆ ಹಾಸಿತು. ಬಾಯಮ್ಮನದರಲ್ಲಿ ಎಲ್ಲಕ್ಕಿಂತ ಹೆಚ್ಚು.

ಇನ್ನು ಉಳಿದದ್ದು ಯಾವ ಎಚ್ ಎಂಬುದು. ಒಂದೊಂದು ಎಚ್‌ಗೂ ಅದರದೇ ಆ್ಯಂಟಿಸೀರಮ್ ಇರುತ್ತದೆ. ಆ ಎಚ್ಚನ್ನು ಮಾತ್ರ ಗುರುತಿಸಿ ಕಟ್ಟಿಹಾಕುವ ರಕ್ತದ್ರವ ಅದು. ಸರಿಯಾದದ್ದನ್ನು ಬೆರೆಸಿದರೆ ವೈರಸ್ಸಿಗೆ ಕಣಗಳನ್ನು ಹಿಡಿಯಲಾಗದೆ ಚಾಪೆ ಮಾಯವಾಗಿ ಬೊಟ್ಟು ಮರಳುತ್ತದೆ. ವಿಭಾಗದಲ್ಲಿ ಎಚ್1 ಮತ್ತು ಎಚ್3ರ ಹಳೆಯ ಕುಪ್ಪಿಗಳಿದ್ದವು. ಗುಳಿಯಿಂದ ಗುಳಿಗೆ ಸೀರಮ್ಮನ್ನು ತೆಳು ಮಾಡುತ್ತ ಹೋಗುವುದು; ಬೊಟ್ಟು ಎಷ್ಟು ದೂರ ಬರುತ್ತದೋ ಗುರುತು ಅಷ್ಟು ಗಟ್ಟಿ. ಎಚ್1 ಏನೂ ಮಾಡಲಿಲ್ಲ. ಎಚ್3 ಹಾಕಿದಾಗ ಮೊದಲ ಎರಡು ಗುಳಿಗಳಲ್ಲಿ ಬೊಟ್ಟು ಕೂತಂತೆ ಕಂಡಿತು, ಮುಂದೆ ಚಾಪೆಯೇ. ಹೌದು ಎನ್ನಲೂ ಸಾಲದು, ಅಲ್ಲ ಎನ್ನಲೂ ಆಗದು.

ಅದಕ್ಕೆ ಎರಡು ಅರ್ಥವಿರಬಹುದಿತ್ತು. ಎಚ್3ರ ವಂಶವಾಹಿ ವರ್ಷ ವರ್ಷ ಸ್ವಲ್ಪ ಸ್ವಲ್ಪ ಬದಲಾಗುತ್ತ ಹಳೆಯ ಆ್ಯಂಟಿಸೀರಮ್ಮಿಗೆ ಗುರುತು ಸಿಗದಷ್ಟು ದೂರ ಹೋಗಿರಬಹುದು. ಇಲ್ಲವೇ ಇದು ಎಚ್3 ಅಲ್ಲವೇ ಅಲ್ಲ, ಆ ಎರಡು ಬೊಟ್ಟುಗಳು ಸೀರಮ್ಮಿನೊಳಗಿನ ಬೇರೇನೋ ವಸ್ತುವಿನ ಆಟ. ಮೇಡಂ ಅಲ್ಲಿಂದಲೇ ಪುಣೆಯ ಒಂದು ಲ್ಯಾಬಿಗೆ ಫೋನು ಮಾಡಿ ಹೊಸ ಆ್ಯಂಟಿಸೀರಮ್ ಕೇಳಿದರು. ಬರಲು ನಾಲ್ಕು ದಿನವಾದರೂ ಬೇಕು ಎಂದರು.

ಸಂಜೆ ನಮ್ಮ ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದೆ. ಅವರು ಕೇರಳದ ತೆಂಕಣ ಜಿಲ್ಲೆಯೊಂದರವರು, ಮಲಯಾಳದ ರಾಗದಲ್ಲಿ ಕನ್ನಡ ಮಾತಾಡುವ ಒಳ್ಳೆಯ ಮನುಷ್ಯ.

"ಎಚ್3 ಅಂತ ಬರ್ದು ಕೊಡಿ" ಎಂದರು. "ಅದೇ ಇರ್ತದೆ. ನಾಳೆ ಮೂರು ಗಂಟೆಗೆ ಕಾರ್ಖಾನೆಯ ಅಂಗಳದಲ್ಲಿ ಮೀಟಿಂಗ್ ಉಂಟು. ಕೈಯಲ್ಲಿ ಕಾಗದ ಇಲ್ಲದಿದ್ರೆ ಆ ಅಮ್ಮನ ಗೂಡಿಗೆ ಬೆಂಕಿ ಬೀಳ್ತದೆ. ಒಂದು ಸಾಲು ಸಾಕು."

ಅವರು ಕೇಳಿದ್ದು ಕೆಡುಕಿಗಲ್ಲ. ನನಗೂ ಬರೆಯುವ ಆಸೆ ಇತ್ತು. ಪೆನ್ನು ತೆಗೆದದ್ದೂ ಹೌದು. ಎರಡು ಗುಳಿಗಳಲ್ಲಿ ಬೊಟ್ಟು ಕಂಡಿದೆಯಲ್ಲ, ಪೂರಾ ಸುಳ್ಳೂ ಅಲ್ಲ. ಆದರೆ ಐಸಿಯುವಿನ ನರ್ಸುಗಳು ನೆನಪಾದರು. ಎಚ್3 ಎಂದು ನಾನು ಬರೆದರೆ ಅವರು ಕೋಳಿಜ್ವರದ ಹೆದರಿಕೆಗೆ ಕಟ್ಟಿಕೊಂಡ ಮುಖವಾಡ ತೆಗೆದಿಡುತ್ತಾರೆ. ಆಮೇಲೆ ಅದು ಅಲ್ಲವೆಂದಾದರೆ? ಬಾಯಮ್ಮನ ಜಗಲಿಯಲ್ಲಿ ಆಡಿದ ಮಾತೂ ಇತ್ತು.

"ಬರೆಯುವುದಿಲ್ಲ ಸರ್" ಎಂದೆ. "ನಾನೇ ಬಂದು ಹೇಳುತ್ತೇನೆ."

"ಎಂತ ಹೇಳ್ತೀರಿ?"

"ಗೊತ್ತಿರುವಷ್ಟು."

ಮರುದಿನ ಅಂಗಳದಲ್ಲಿ ನೂರರ ಮೇಲೆ ಜನ ಇದ್ದರು. ಗೋಡೆಯ ಬಳಿ ಇಬ್ಬರು ಗಂಡಸರು ಸೀಮೆಎಣ್ಣೆಯ ಕ್ಯಾನು ಇಟ್ಟುಕೊಂಡು ನಿಂತಿದ್ದರು. ಮೆಂಬರು ನನ್ನನ್ನು ಮುಂದೆ ಕರೆದರು. ಅಷ್ಟು ಜನರ ಎದುರು ನಾನು ಅದುವರೆಗೆ ಮಾತಾಡಿದವಳೇ ಅಲ್ಲ. ಇದು ಫ್ಲೂ ಜ್ವರ, ಅದು ಖಂಡಿತ ಎಂದೆ. ಯಾವ ಜಾತಿಯದು ಎಂಬುದಕ್ಕೆ ನಾಲ್ಕು ದಿನ ಬೇಕು, ಮನುಷ್ಯರದ್ದೇ ಇರಬಹುದೆಂದು ಕಾಣುತ್ತದೆ, ಆದರೆ ಖಚಿತವಿಲ್ಲ ಎಂದೆ. ಅಷ್ಟರವರೆಗೆ ಕೋಳಿ ಹೊರಗೆ ಬರಬಾರದು, ಯಾರೂ ಒಳಗೆ ಹೋಗಬಾರದು, ಜ್ವರ ಇದ್ದವರು ಮನೆಯಲ್ಲೇ ಇರಬೇಕು. ಈಗ ಗೂಡಿಗೆ ನುಗ್ಗಿ ಕೋಳಿ ಹಿಡಿಯಲು ಹೋದರೆ, ಒಂದು ವೇಳೆ ಅದು ಕೋಳಿಯದ್ದೇ ಆಗಿದ್ದಲ್ಲಿ, ಮೊದಲು ಹತ್ತುವುದು ಹಿಡಿದವರಿಗೇ.

ಕ್ಯಾನಿನ ಹತ್ತಿರವಿದ್ದವನು ಕೂಗಿದ: "ನಾಲ್ಕು ದಿನದಲ್ಲಿ ನಮಗೆ ಎಂತಾದ್ರೂ ಆದ್ರೆ? ನೀವು ಮಂಗಳೂರಲ್ಲಿ ಕೂತು ಮೊಟ್ಟೆ ಒಡೀತಾ ಇರಿ!"

ಜನ ನಕ್ಕರು.

ಆಗ ಗೋಡೆಯ ಆಚೆಯಿಂದ ದನಿ ಬಂತು. ಬಾಯಮ್ಮ ತನ್ನ ಅಂಗಳದಲ್ಲಿ ಕಲ್ಲೊಂದರ ಮೇಲೆ ಹತ್ತಿ ನಿಂತಿದ್ದಳು. ತಲೆ ಮಾತ್ರ ಕಾಣುತ್ತಿತ್ತು.

"ನನಗೂ ಬಂದಿತ್ತು ಜ್ವರ" ಎಂದಳು. "ಆರು ದಿನ ಆಯ್ತು, ಈಗ ಬಿಟ್ಟಿದೆ. ಮೊದಲ ದಿನವೇ ಈ ಮಗಳಿಗೆ ಗಂಟಲು ತೋರಿಸಿದ್ದೇನೆ. ಕೋಳಿಯದ್ದು ಅಂತ ಬಂದ್ರೆ ನೀವು ಬೆಂಕಿ ತರುವುದು ಬೇಡ ಮಾರಾಯ್ರೆ, ನಾನೇ ಗೂಡು ಸುಡ್ತೇನೆ. ನಿಮ್ಮಲ್ಲಿ ಎಷ್ಟು ಜನ ತೋರಿಸಿದ್ದೀರಿ? ಕೆಮ್ಮು ಕೇಳ್ತಾ ಉಂಟಲ್ಲ ನನಗೆ, ಇಲ್ಲಿಗೆ!"

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡೇ, "ನನಗೆ ನಿನ್ನೆಯಿಂದ" ಎಂದಳು. ಅವಳ ಹಿಂದೆ ಇನ್ನಿಬ್ಬರು. ಮೆಂಬರು ಕ್ಯಾನಿನವರ ಕಡೆ ತಿರುಗಿ, "ನಾಲ್ಕು ದಿನ. ಅಷ್ಟರವರೆಗೆ ಯಾರೂ ಎಂತದೂ ಮಾಡ್ಲಿಕ್ಕಿಲ್ಲ" ಎಂದರು. ಅವರು ಗೊಣಗುತ್ತ ಹೋದರು.

ಆ ಮೂವರ ಸ್ಯಾಂಪಲ್‌ಗಳನ್ನೂ ಕೊಂಡುಹೋಗಿ ಮೊಟ್ಟೆಗೆ ಹಾಕಿದೆ. ಐದನೆಯ ದಿನ ಪುಣೆಯ ಪೆಟ್ಟಿಗೆ ರೈಲಿನಲ್ಲಿ ಬಂತು. ಹೊಸ ಎಚ್1, ಹೊಸ ಎಚ್3, ಜೊತೆಗೆ ಎಚ್5ರದೊಂದು ಪುಟ್ಟ ಕುಪ್ಪಿ. ಆ್ಯಂಟಿಸೀರಮ್ಮಿನೊಳಗಿನ ಬೇಡದ ವಸ್ತುಗಳು ಮತ್ತೆ ಮೋಸ ಮಾಡಬಾರದೆಂದು ಅವುಗಳನ್ನು ಕಿಣ್ವ ಹಾಕಿ ಇಡೀ ರಾತ್ರಿ ಇಟ್ಟು, ಬೆಳಿಗ್ಗೆ ಬಿಸಿ ಮಾಡಿ ತಣಿಸಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ತಟ್ಟೆ ಸಿದ್ಧವಾಯಿತು. ಕಾಯುವ ಗಂಟೆಯಲ್ಲಿ ಮೇಡಂ ಟಿಫಿನ್ ಬಿಚ್ಚಿದರು. ನಾನು ತಟ್ಟೆಯ ಪಕ್ಕದಲ್ಲೇ ಕೂತೆ.

ಎಚ್1ರ ಸಾಲಿನಲ್ಲಿ ಕೊನೆಯವರೆಗೂ ಚಾಪೆ. ಎಚ್5ರ ಸಾಲಿನಲ್ಲೂ ಚಾಪೆ. ಎಚ್3ರ ಸಾಲಿನಲ್ಲಿ ಒಂದರ ಹಿಂದೆ ಒಂದು ಬೊಟ್ಟು. ಐದು, ಆರು, ಏಳು ಗುಳಿಗಳವರೆಗೆ. ವೈರಸ್ ಸಿಕ್ಕಿದ್ದ ಎಲ್ಲ ಸ್ಯಾಂಪಲ್‌ಗಳಲ್ಲೂ ಹಾಗೆಯೇ.

"ಬರೆ ಈಗ" ಎಂದರು ಮೇಡಂ.

ಅದರ ಒಂದೆರಡು ದಿನ ಆಚೀಚೆ ಮೃಗಾಸ್ಪತ್ರೆಯ ಡಾಕ್ಟರಿಗೂ ಅವರ ಲ್ಯಾಬಿನ ವರದಿ ಬಂತು: ಕೋಳಿಗಳದು ರಾಣಿಖೇತ್ ವೈರಸ್. ಅದೂ ಕೆಂಪುಕಣಗಳನ್ನು ಹೆಣೆಯುತ್ತದೆ, ಆದರೆ ಫ್ಲೂ ವೈರಸ್ಸಿನ ಕುಲವೇ ಅಲ್ಲ. ನಮ್ಮದರ ಎನ್ ಯಾವುದೆಂದು ಪುಣೆಯವರು ನೋಡಿ ತಿಂಗಳ ಮೇಲೆ ತಿಳಿಸಿದರು, ಎನ್2. ಎಚ್3ಎನ್2, ಮನುಷ್ಯರ ಹಳೆಯ ಪರಿಚಯದ ಫ್ಲೂ. ಕೋಳಿಗಳ ಕಾಯಿಲೆ ಮತ್ತು ಮನುಷ್ಯರ ಕಾಯಿಲೆ ಒಂದೇ ವಾರ, ಒಂದೇ ಗೋಡೆಯ ಎರಡು ಬದಿಯಲ್ಲಿ ಬಂದಿದ್ದವು, ಅಷ್ಟೆ.

ನಿಜ ಗೊತ್ತಾದದ್ದರಿಂದ ಕೋಳಿಗಳೇನೂ ಬದುಕಲಿಲ್ಲ. ರಾಣಿಖೇತ್ ತನ್ನ ಕೆಲಸ ಮಾಡಿತ್ತು. ಇನ್ನೂರರಲ್ಲಿ ಮೂವತ್ತು ಉಳಿದಿರಬಹುದು. ಐಸಿಯುವಿನ ಹೆಂಗಸು ಮಾತ್ರ ಮೂರು ವಾರದ ಮೇಲೆ ಮನೆಗೆ ಬಂದಳು. ಅದೇ ವಾರ ನಾನು ಬಾಯಮ್ಮನ ಮನೆಗೆ ವರದಿಯ ಒಂದು ಪ್ರತಿ ಕೊಡಲು ಹೋದೆ. ಯಾರಾದರೂ ಕೇಳಿದರೆ ತೋರಿಸಲಿ ಎಂದು.

ಅವಳು ಕಾಗದವನ್ನು ಮಡಚಿ ಬೈಬಲಿನೊಳಗಿಟ್ಟು, "ಒಂದು ಕೇಳ್ಲಾ?" ಎಂದಳು. "ಕೋಳಿಯಿಂದ ಬಂದದ್ದಲ್ಲ ಅಂತಾದ್ರೆ ನನಗೆ ಯಾರಿಂದ ಬಂತು?"

"ಮನುಷ್ಯರಿಂದ. ಕಾರ್ಖಾನೆಯವರು ಯಾರಾದರೂ ಇಲ್ಲಿಗೆ ಬರುತ್ತಿದ್ದರಾ?"

"ಆ ವಾರ ಯಾರು ಬರ್ತಾರೆ? ಒಬ್ಬಳು ಬಂದಿದ್ಲು. ಐಸಿಯುವಿನವಳ ತಂಗಿ. ಅಕ್ಕನಿಗೆ ಹುಷಾರಿಲ್ಲ, ಮಕ್ಕಳಿಗೆ ಬೇಯಿಸಿ ಕೊಡ್ಲಿಕ್ಕೆ ಮೊಟ್ಟೆ ಬೇಕು, ಬೇರೆ ಕಡೆ ಸಿಗ್ಲಿಲ್ಲ ಅಂತ ಹಿಂದಿನ ಬಾಗಿಲಿಗೆ ಬಂದಿದ್ಲು. ಕೆಮ್ತಾ ಇದ್ಲು." ನನ್ನ ಕಡೆ ತಿರುಗಿ ಕೇಳಿದಳು: "ಅವಳಿಂದಲಾ?"

"ಇರಬಹುದು. ಖಚಿತವಾಗಿ ಹೇಳಲಿಕ್ಕಾಗುವುದಿಲ್ಲ."

ಅವಳು ಗೂಡಿನ ಕಡೆ ನೋಡಿದಳು. ಊರೆಲ್ಲ ಅವಳ ಮೇಲೆ ಹೊರಿಸಿದ್ದನ್ನು ತಿರುಗಿಸಿ ಹೊರಿಸಲು ಈಗ ಅವಳ ಕೈಯಲ್ಲಿ ಒಂದು ಮನೆ ಇತ್ತು. ಅವಳು ಅದನ್ನು ಮಾಡಿದ್ದರೆ ನಾನು ತಪ್ಪೆನ್ನುತ್ತಿರಲಿಲ್ಲ.

"ಇದನ್ನು ನೀವು ಯಾರಿಗೂ ಹೇಳ್ಬೇಡಿ ಮಗಳೇ" ಎಂದಳು. "ಆ ಹುಡುಗಿ ಮೊಟ್ಟೆಗೆ ಬಂದದ್ದು ಮಕ್ಕಳಿಗೋಸ್ಕರ." ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಕೇಳಿದಳು: "ಅವಳಕ್ಕನನ್ನು ಈಗ ನೋಡ್ಲಿಕ್ಕೆ ಹೋಗ್ಬಹುದಾ? ನನ್ನಿಂದ ಎಂತದೂ ತೊಂದರೆ ಇಲ್ಲವಾ?"

"ಏನೂ ಇಲ್ಲ."

"ಹಾಗಾದ್ರೆ ನೀವೂ ಬನ್ನಿ. ಒಬ್ಬಳೇ ಹೋದ್ರೆ ಬಾಗಿಲು ಹಾಕಿಯಾರು."

ಲೈನ್ ಮನೆಗಳ ಉದ್ದಕ್ಕೂ ನಾವು ನಡೆಯುವಾಗ ಹೆಂಗಸರು ಬೀಜದ ಮಸಿ ಹಿಡಿದ ಕೈಗಳನ್ನು ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದು ನೋಡಿದರು. ಕೊನೆಯ ಮನೆಯ ಜಗಲಿಯಲ್ಲಿ ಐಸಿಯುವಿನಿಂದ ಬಂದವಳು ಬೆಂಚಿನ ಮೇಲೆ ಕೂತಿದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಪಕ್ಕದಲ್ಲಿದ್ದ ತಂಗಿ ನಮ್ಮನ್ನು ನೋಡಿ ಮುಖ ತಗ್ಗಿಸಿದಳು. ಬಾಯಮ್ಮ ಮೆಟ್ಟಿಲ ಕೆಳಗೇ ನಿಂತಳು.

"ಉಸಿರು ಈಗ ಹೇಗುಂಟು?" ಎಂದಳು.

"ಮೆಟ್ಟಿಲು ಹತ್ತುವಾಗ ಸ್ವಲ್ಪ" ಎಂದಳು ಆ ಹೆಂಗಸು. ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ. ಕೈಯೂರಿ ಬೆಂಚಿನ ಒಂದು ತುದಿಗೆ ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸಿ, "ಕೂತುಕೊಳ್ಳಿ ಬಾಯಮ್ಮ" ಎಂದಳು.